ಸೋಲ್ಫ್ರಿಡ್ ಒಪ್ಪಲಿಲ್ಲ

ಉತ್ತರ ನಾರ್ವೆಯ ನಮ್ಮ ಕಡಲತೀರದ ರಸ್ತೆಯಲ್ಲಿ ಚಳಿಗಾಲವೆಲ್ಲ ಹಿಮ ತೆಗೆಯುವ ಲಾರಿ ಓಡಿಸುತ್ತಿದ್ದವಳು ಸೋಲ್ಫ್ರಿಡ್. ಎಪ್ಪತ್ತು ದಾಟಿದರೂ ಆ ಕೆಲಸವನ್ನು ಬೇರೆಯವರಿಗೆ ಬಿಟ್ಟಿರಲಿಲ್ಲ. ಒಂದು ವರ್ಷ ಲಾರಿ ಹತ್ತುವಷ್ಟರಲ್ಲೇ ಏದುಸಿರು ಬರತೊಡಗಿತು. ಪರೀಕ್ಷೆಯಲ್ಲಿ ರಕ್ತದ ಕ್ಯಾನ್ಸರ್ ಎಂದು ಗೊತ್ತಾಯಿತು.

ಔಷಧಿಗೆ ರೋಗ ತಗ್ಗಿತು. ಆದರೆ ಮರಳಿ ಬರದಿರಲು ಬೇರೆಯವರಿಂದ ಹೊಸ ರಕ್ತ ಹುಟ್ಟಿಸುವ ಕಾಂಡಕೋಶಗಳನ್ನು ತೆಗೆದು ಕಸಿ ಮಾಡಬೇಕಿತ್ತು. ನಮ್ಮ ಕಡೆಯ ವೈದ್ಯ ಆಗುವುದಿಲ್ಲ ಎಂದುಬಿಟ್ಟ.

“ಕಸಿಗೆ ಮುಂಚೆ ಕೊಡೋ ಔಷಧಿ ನಿಮ್ಮ ಮೂಳೆಯೊಳಗಿನ ಮಜ್ಜೆಯನ್ನೇ ಸುಟ್ಟುಹಾಕುತ್ತೆ. ಈ ವಯಸ್ಸಲ್ಲಿ ತಡ್ಕೊಳ್ಳೋಕಾಗಲ್ಲ. ಮನೇಲಿ ನೆಮ್ಮದಿಯಾಗಿರಿ.”

“ನೆಮ್ಮದಿಯಾಗಿರೋಕೆ ನಿಮ್ಮ ಅಪ್ಪಣೆ ಬೇಕಿಲ್ಲ. ಬದುಕೋ ದಾರಿ ಕೇಳೋಕೆ ಬಂದೆ,” ಎಂದು ಎದ್ದುಬಿಟ್ಟಳು. ಪಕ್ಕದ ಮನೆಯವಳಾದ ನಾನು ಅವಳ ಕೋಟು ಹಿಡಿದು ಹಿಂದೆ ಓಡಿದೆ.

ಓಸ್ಲೋದಲ್ಲಿ ಟೋರುನ್ ಎಂಬ ವೈದ್ಯೆ ಬೇರೆ ಮಾತು ಹೇಳಿದಳು. “ಎಲ್ಲಾನೂ ಸುಡಬೇಕಾಗಿಲ್ಲ. ಔಷಧಿ ಕಡಿಮೆ ಕೊಟ್ಟು, ಹೊಸ ಕೋಶ ಬೇರೂರೋಷ್ಟು ಜಾಗ ಮಾಡ್ತೀವಿ. ಉಳಿದ ಕ್ಯಾನ್ಸರನ್ನ ಆ ಕೋಶಗಳೇ ಹೊಡೀಬೇಕು. ಆದ್ರೆ ಅವು ನಿಮ್ಮ ಮೈಮೇಲೂ ತಿರುಗಿಬೀಳಬಹುದು. ಜೀವಕ್ಕೂ ಅಪಾಯ ಇದೆ.”

“ಸುಮ್ನೆ ಕೂತ್ರೂ ಇದೆ. ಶುರು ಮಾಡಿ.”

ಹೊಂದಿಕೆಯಾದದ್ದು ಅವಳ ತಮ್ಮ ಟೋರ್ಲೈಫ್‌ನ ಕೋಶ. ಅಪ್ಪನ ದೋಣಿಯನ್ನು ಅವನು ಮಾರಿದಂದಿನಿಂದ ಇಬ್ಬರಿಗೂ ಮಾತಿರಲಿಲ್ಲ. ಸೋಲ್ಫ್ರಿಡ್ ಫೋನ್ ಮಾಡಿದಳು.

“ನಿನ್ನ ರಕ್ತ ಬೇಕು ಕಣೋ. ಹಾಗಂತ ಕ್ಷಮೆ ಕೇಳ್ತೀನಿ ಅನ್ಕೋಬೇಡ.”

“ಕೇಳಿದ್ರೆ ಬೇರೆ ಯಾರೋ ಫೋನ್ ಮಾಡಿದ್ದಾರೆ ಅನ್ಕೋತಿದ್ದೆ ಅಕ್ಕ. ಯಾವಾಗ ಬರ್ಲಿ?”

ಕಸಿಯಾಯಿತು. ಆದರೆ ಕೆಲವು ವಾರಗಳ ಮೇಲೂ ರಕ್ತದಲ್ಲಿ ಅರ್ಧ ಅವಳ ಹಳೆಯ ಕೋಶಗಳೇ ಇದ್ದವು. ತಮ್ಮನ ಕೋಶಗಳು ಅವಳ ಮೈಮೇಲೆ ತಿರುಗಿಬೀಳದಂತೆ ತಡೆದಿಟ್ಟಿದ್ದ ಮಾತ್ರೆಯ ಪ್ರಮಾಣವನ್ನು, ಅವು ಜೋರಾಗಲಿ ಎಂದು ಟೋರುನ್ ಇಳಿಸಿದಳು. ಆಗ ಸೋಲ್ಫ್ರಿಡ್‌ಳ ಮೈಯೆಲ್ಲ ಕೆಂಪಗೆ ದದ್ದೆದ್ದು, ಬಾಯಿ ಹುಣ್ಣಾಗಿ, ನೀರು ನುಂಗುವುದೂ ಕಷ್ಟವಾಯಿತು. ನಾನು ಹಾಸಿಗೆಯ ಬಳಿ ಅತ್ತುಬಿಟ್ಟೆ.

“ಅಳೋದಾದ್ರೆ ಹೊರಗೆ ಹೋಗಿ ಅಳು. ಇಲ್ಲಿ ಜಗಳ ನಡೀತಿದೆ,” ಎಂದು ಗದರಿದಳು.

ವಸಂತದ ಹೊತ್ತಿಗೆ ಅವಳ ರಕ್ತದಲ್ಲಿ ಬರೀ ತಮ್ಮನ ಕೋಶಗಳು. ಟೋರ್ಲೈಫ್ ಬೀಗಿದ.

“ಈಗ ನಿನ್ನೊಳಗೆ ಓಡ್ತಿರೋದು ನನ್ನ ರಕ್ತ. ಇನ್ಮೇಲಾದ್ರೂ ನನ್ನ ಮಾತು ಕೇಳು.”

“ಅದಕ್ಕೇ ಕಣೋ ಮೈಯೆಲ್ಲ ಇಷ್ಟು ಕೆರೀತಿರೋದು!”

ಎರಡು ವರ್ಷವಾಯಿತು. ಬಾಯಿ ಒಣಗುವುದು ನಿಂತಿಲ್ಲ, ಕೆನ್ನೆಯ ಚರ್ಮ ಬಿಗಿದೇ ಇದೆ. ರೋಗ ತಿರುಗಿ ಬಂದಿಲ್ಲ. ಬಂದರೇನು ಮಾಡುತ್ತೀ ಎಂದು ಒಮ್ಮೆ ಕೇಳಿದೆ. ಅವಳು ಕಾಫಿ ಬಗ್ಗಿಸುತ್ತಲೇ, “ಬರ್ಲಿ, ನಾನು ಇಲ್ಲೇ ಇರ್ತೀನಿ,” ಎಂದಳು.