ಪೆರಿಯಸಾಮಿ ಗಾರೆ ಮಾಡಿದ ತೊಟ್ಟಿ

ತಮಿಳು ಸೀಮೆಯ ಸೂಲೂರಿನಾಚೆಯ ಸಣ್ಣ ಪೇಟೆಯೊಂದರಲ್ಲಿ ನೂರು ವರ್ಷ ದಾಟಿದ ಬ್ಯಾಪ್ಟಿಸ್ಟ್ ಚರ್ಚಿದೆ. ಅಲ್ಲಿ ಜ್ಞಾನಸ್ನಾನವೆಂದರೆ ತಲೆಗೆ ನೀರು ಚಿಮುಕಿಸುವುದಲ್ಲ, ಆಳು ಪೂರ್ತಿ ಮುಳುಗಿ ಏಳಬೇಕು. ಅದಕ್ಕೆಂದೇ ಉಪದೇಶದ ಪೀಠದ ಮುಂದೆ ಎದೆಮಟ್ಟದ ತೊಟ್ಟಿ. ಐವತ್ತು ವರ್ಷದ ಹಿಂದೆ ಅದಕ್ಕೆ ಗಾರೆ ಮಾಡಿದವನು ಕುಪ್ಪಮ್ಮನ ಗಂಡ ಪೆರಿಯಸಾಮಿ. ಸುಣ್ಣವನ್ನು ಗುಂಡಿಯಲ್ಲಿ ತಿಂಗಳು ನೆನೆಹಾಕಿ, ಕರುಪಟ್ಟಿ ಎಂಬ ತಾಳೆಬೆಲ್ಲ, ಅಳಲೆಕಾಯಿ ಕೊಳೆಸಿದ ನೀರು ಹೊಯ್ದು ರುಬ್ಬಿದವಳು ಕುಪ್ಪಮ್ಮ. ಕೊನೆಗೆ ಮೊಟ್ಟೆಯ ಬಿಳಿ ಸವರಿ ನುಣುಪುಗಲ್ಲಿನಿಂದ ತಿಕ್ಕಿದಾಗ ಗಾರೆಯಲ್ಲಿ ಮುಖ ಕಾಣುತ್ತಿತ್ತು. ಅವಳು ಆ ದೇವರಿಗೆ ಕೈಮುಗಿದವಳಲ್ಲ. ಆದರೂ ಗಂಡ ತೀರಿಕೊಂಡ ಮೇಲೆ ವರ್ಷಕ್ಕೊಮ್ಮೆ ಹೋಗಿ ತೊಟ್ಟಿಯ ಅಂಚು ಸವರಿ ಬರುತ್ತಿದ್ದಳು.

ಹೋದ ವರ್ಷ ಚರ್ಚಿನ ದುರಸ್ತಿ ಶುರುವಾಯಿತು. ತೊಟ್ಟಿಯಲ್ಲಿ ಎರಡು ಬಿರುಕು. ಕಾರ್ಯದರ್ಶಿ ವಸಂತಕುಮಾರ್‌ಗೆ ಟೈಲ್ಸ್ ಹಾಕಿಸುವ ಆಸೆ. ಕುಪ್ಪಮ್ಮ ಕೋಲೂರಿಕೊಂಡು ಕಮಿಟಿಯ ಮುಂದೆ ನಿಂತಳು. ಹಳೆಯದನ್ನು ಕೀಳಬೇಡಿ, ಬಿರುಕಿಗಷ್ಟೇ ಸುಣ್ಣ ತುಂಬಿಸಿ ಎಂದು ಮನೆಯ ಕನ್ನಡ ಬಿಟ್ಟು ಊರಿನ ತಮಿಳಿನಲ್ಲೇ ವಾದಿಸಿದಳು. ಆ ಕೆಲಸ ಬಲ್ಲವರು ಈಗ ಯಾರಿದ್ದಾರೆ ಎಂದರು ಕಮಿಟಿಯವರು. ಮೈದುನ ಮುರುಗೇಶನ್‌ನ ಕೈಹಿಡಿದು ಮುಂದೆ ನಿಲ್ಲಿಸಿದಳು. ಅಣ್ಣನ ಹತ್ತಿರವೇ ಕರಣೆ ಹಿಡಿದು ಗಾರೆ ಕೆಲಸ ಕಲಿತವನು. ಕಮಿಟಿ ಒಪ್ಪಿತು.

ಅಷ್ಟರಲ್ಲಿ ಅವಳ ಕಣ್ಣಿನ ಆಪರೇಷನ್ ಆಯಿತು. ಸುಣ್ಣದ ದೂಳಿನ ಹತ್ತಿರ ಸುಳಿಯಲೇಬಾರದು ಎಂದರು ಡಾಕ್ಟರು. ಮುರುಗೇಶನ್ ದಿನಾ ಸಂಜೆ ಬಂದು ಜಗಲಿಯಲ್ಲಿ ಕೂರುತ್ತಿದ್ದ. ಅಳಲೆ ನೀರು ಎಷ್ಟು ದಿನ ಕೊಳೆಯಬೇಕು, ಮೊಟ್ಟೆ ಎಷ್ಟು ಬೇಕು ಎಂದೆಲ್ಲ ಕೇಳುತ್ತಿದ್ದ. ಅವಳು ಕಪ್ಪು ಕನ್ನಡಕದೊಳಗೆ ಕಣ್ಣು ಮುಚ್ಚಿ, ನೆನಪು ಮಾಡಿ ಮಾಡಿ ಹೇಳುತ್ತಿದ್ದಳು. ಹಾಗೆ ಹೇಳುವಾಗ ಗಂಡ ಪಕ್ಕದಲ್ಲೇ ಕೂತಂತಿರುತ್ತಿತ್ತು.

ಚರ್ಚು ಮತ್ತೆ ತೆರೆದ ಭಾನುವಾರ ಅವಳಿಗೆ ಮೊದಲ ಸಾಲಿನ ಕುರ್ಚಿ. ಕುಪ್ಪಮ್ಮನವರ ಸಲಹೆಯಂತೆ ಹಳೆಯ ತೊಟ್ಟಿಯನ್ನು ಕಾಪಾಡಿದ್ದೇವೆ ಎಂದು ವಸಂತಕುಮಾರ್ ಮೈಕಿನಲ್ಲಿ ಹೇಳಿ, ಅವಳಿಗೆ ಹೊದಿಸಲು ಶಾಲು ಕೈಗೆತ್ತಿಕೊಂಡ. ಅವಳು ಎದ್ದು ಹೋದಳು. ಶಾಲಿಗೆ ಹೆಗಲು ಕೊಡುವ ಮೊದಲು ರೂಢಿಯಂತೆ ಬಗ್ಗಿ ಅಂಚು ಸವರಿದಳು. ಬೆರಳಿಗೆ ತರಿತರಿ ಹತ್ತಿತು. ಉಗುರಿನಿಂದ ಕೆರೆದಳು. ಬಿಳಿ ಬಣ್ಣದ ಸಿಪ್ಪೆ ಎದ್ದು ಬಂದು, ಅಡಿಯಲ್ಲಿ ಬೂದು ಸಿಮೆಂಟು ಕಂಡಿತು.

“ಮುರುಗೇಶಾ, ಹಳೇ ಗಾರೆ ಎಲ್ಲಿ?”

ಅವನು ಹತ್ತಿರ ಬಂದು ದನಿ ತಗ್ಗಿಸಿದ. “ಆಮೇಲೆ ಮಾತಾಡಣ ಅತ್ತಿಗೆ, ಎಲ್ಲಾರೂ ನೋಡ್ತಾವ್ರೆ. ಸುಣ್ಣ ನೆನೆಯಕ್ಕೆ ತಿಂಗಳು ಕಾಯಬೇಕಿತ್ತು. ಇವರಿಗೆ ಅವಸರ. ಒಡೆದು ತೆಗೆದ್ಬಿಟ್ಟೆ.”

“ಯಾವತ್ತು?”

“ಮೊದಲ್ನೇ ದಿನಾನೇ.”

“ಹಂಗಾರೆ ದಿನಾ ಸಂಜೆ ಬಂದು ಕೇಳಿದ್ದು?”

“ನಿಂಗೆ ಸಮಾಧಾನ ಇರ್ಲಿ ಅಂತ.”

ಅವಳು ವಸಂತಕುಮಾರ್ ಕಡೆ ತಿರುಗಿದಳು. ಅವನು ಶಾಲಿನ ಮಡಿಕೆ ಸರಿಮಾಡುತ್ತ ನಿಂತಿದ್ದ, ತಲೆ ಎತ್ತಲಿಲ್ಲ. ಗೊತ್ತಿಲ್ಲದೆ ಇದ್ದವಳು ತಾನೊಬ್ಬಳೇ.

ಕುಪ್ಪಮ್ಮ ಮೈಕು ಎಳೆದುಕೊಂಡು, ಇದು ನಾನು ಹೇಳಿದ ಕೆಲಸವಲ್ಲ, ಪೆರಿಯಸಾಮಿಯದು ಇದರಲ್ಲಿ ಒಂದು ಚೂರೂ ಇಲ್ಲ, ನಮ್ಮ ಹೆಸರು ಹೇಳಬೇಡಿ ಎಂದು ಎಲ್ಲರಿಗೂ ತಿಳಿಯುವಂತೆ ತಮಿಳಿನಲ್ಲಿ ಹೇಳಿದಳು. ಶಾಲು ವಸಂತಕುಮಾರನ ಕೈಯಲ್ಲೇ ಉಳಿಯಿತು. ಮುರುಗೇಶನ್ ಬಾಗಿಲವರೆಗೂ ಹಿಂದೆ ಬಂದ. ಒಡೆದದ್ದನ್ನು ಎಲ್ಲಿ ಸುರಿದೆ ಎಂದು ಮುಖ ನೋಡದೆಯೇ ಕೇಳಿದಳು.

“ಗೇಟಿನ ಹತ್ರ ಹಳ್ಳ ಬಿದ್ದಿತ್ತಲ್ಲ ಅತ್ತಿಗೆ, ಅದಕ್ಕೆ ತುಂಬಿದ್ವಿ.”

ಬೆಳಿಗ್ಗೆ ಅದನ್ನು ತುಳಿದುಕೊಂಡೇ ಅವಳು ಒಳಗೆ ಬಂದಿದ್ದಳು. ಗೇಟಿನತ್ತ ಹೋಗಲಿಲ್ಲ. ಹಿಂಬದಿಯ ಮುಳ್ಳುಬೇಲಿಯ ಸಂದಿನಲ್ಲಿ ನುಸುಳಿ, ಮುಳ್ಳಿಗೆ ಸಿಕ್ಕಿದ ಸೀರೆ ಬಿಡಿಸಿಕೊಳ್ಳುತ್ತ ರಸ್ತೆಗೆ ಇಳಿದಳು.