ಶರಣವ್ವ ಉಳಿಸಿದ ಕರೆಂಟು

ಮಾಳಮಡ್ಡಿಯ ನಮ್ಮ ಓಣಿಯ ಹೆಂಗಸರ ಜಂಪರುಗಳನ್ನೆಲ್ಲ ಹೊಲಿಯುತ್ತಿದ್ದವಳು ಶರಣವ್ವ. ಗಂಡ ತೀರಿಕೊಂಡ ಮೇಲೆ ಮಗಳು ಮಯೂರಿಯನ್ನು ಕಾಲೇಜು ಮೆಟ್ಟಿಲು ಹತ್ತಿಸಿದ್ದು ಅದೇ ಹೊಲಿಗೆ. ಮೋಟಾರು ಕೂರಿಸಿದ ಒಂದು ಮಷೀನು, ಒಂದು ಇಸ್ತ್ರಿಪೆಟ್ಟಿಗೆ, ಇಷ್ಟೇ ಅವಳ ಆಸ್ತಿ.

ಅದೇ ಓಣಿಯ ನಿವೃತ್ತ ಪ್ರಾಧ್ಯಾಪಕಿ ದಾಕ್ಷಾಯಿಣಿಯವರಿಗೆ ಭೂಮಿ ಉಳಿಸುವ ಹುಕಿ ಬಂತು. ತಿಂಗಳು ತಿಂಗಳು ಎಲ್ಲರ ಬಿಲ್ಲು ನೋಡಿ, ಹೆಚ್ಚು ಕರೆಂಟು ಸುಟ್ಟ ಮನೆಯ ಗೇಟಿಗೆ ‘ಕರೆಂಟ್ ನುಂಗೋ ಕುಂಭಕರ್ಣನ ಮನಿ’ ಎಂಬ ಬೋರ್ಡು ತೂಗುಹಾಕುವುದು. ದೀಪಾವಳಿಗೆ, ಎಲ್ಲರಿಗಿಂತ ಹೆಚ್ಚು ಉಳಿಸಿದವರಿಗೆ ಶಾಲು, ಸನ್ಮಾನ. ಸ್ನೇಹದ ಸ್ಪರ್ಧೆ ಎಂದರು. ಎಂಥ ಸ್ನೇಹವೋ! ಬೋರ್ಡು ಶರಣವ್ವನ ಗೇಟಿಗೆ ಹೋಗಿ ಅಲ್ಲೇ ಠಿಕಾಣಿ ಹೂಡಿತು.

“ಅಕ್ಕಾರ, ನಿಮ್ಮ ಜಂಪರ್ ಹೊಲಿಯಾಕ ಸುಟ್ಟ ಕರೆಂಟ್ ಅಲ್ರಿ ಇದು?”

“ಬರೇ ಚ್ಯಾಷ್ಟಿ ಅದ, ಶರಣವ್ವಾ. ಇಷ್ಟಕ್ಕ ಮಾರಿ ಸಣ್ಣದು ಮಾಡ್ಕೊತಾರೇನು?” ಎಂದರು ದಾಕ್ಷಾಯಿಣಿಯವರು.

ಅಳತೆ ಕೊಡಲು ಬಂದವರೇ ಬೋರ್ಡಿನ ಮುಂದೆ ನಿಂತು ಫೋಟೋ ತೆಗೆದು ಓಣಿಯ ಗ್ರೂಪಿಗೆ ಹಾಕಿದರು. ಮಯೂರಿ ಗೆಳತಿಯರನ್ನು ಮನೆಗೆ ಕರೆಯುವುದನ್ನೇ ಬಿಟ್ಟಳು. “ಅವ್ವಾ, ಹೆಂಗರ ಮಾಡಿ ಅದನ್ನ ತಗಸು,” ಎಂದು ಅತ್ತಳು.

ಶರಣವ್ವ ಮೋಟಾರು ಬಿಚ್ಚಿಟ್ಟು ಮಷೀನನ್ನು ಕಾಲಲ್ಲೇ ತುಳಿಯತೊಡಗಿದಳು. ಇದ್ದಿಲ ಇಸ್ತ್ರಿ ತಂದಳು. ಮೊಣಕಾಲು ಬಾತವು. ಶ್ರಾವಣದ ಹಬ್ಬಗಳಿಗೆ ಯಾರ ಜಂಪರೂ ಹೊತ್ತಿಗೆ ಸಿಗಲಿಲ್ಲ. ಸಾಲದ್ದಕ್ಕೆ ಕಿಡಿಯೊಂದು ಹಾರಿ ದಾಕ್ಷಾಯಿಣಿಯವರ ಜಂಪರಿನ ಖಣ ತೂತಾಯಿತು.

“ಅಕಿ ಕೈ ಮೊದಲಿನ್ಹಂಗ ಇಲ್ಲ ಬಿಡ್ರಿ,” ಎಂದ ಅವರು ಹುಬ್ಬಳ್ಳಿಯ ಬೊಟಿಕ್ ಹಿಡಿದರು. ಓಣಿಯೆಲ್ಲ ಅವರ ಹಿಂದೆ ಹೋಯಿತು.

ಮುಂದಿನ ಬಿಲ್ಲಿಗೆ ಬೋರ್ಡು ಗುತ್ತಿಗೆದಾರ ಶಶಿಕಾಂತನ ಗೇಟಿಗೆ ಹೋಯಿತು. ಅವನು ಅದನ್ನು ಕಿತ್ತು ಗಟಾರಕ್ಕೆ ಎಸೆದ. ಅವನೆದುರು ಒಬ್ಬರೂ ಪಿಟ್ಟೆನ್ನಲಿಲ್ಲ. ಚ್ಯಾಷ್ಟಿ ಮಾಡುವುದಕ್ಕೂ ಮನೆ ನೋಡುವ ಜನ ಇವರು.

ದೀಪಾವಳಿಯ ಸಂಜೆ ಮೊದಲ ಬಹುಮಾನ ಶರಣವ್ವನಿಗೇ. ದಾಕ್ಷಾಯಿಣಿಯವರೇ ಶಾಲು ಹೊದಿಸಿ ಮೈಕು ಕೈಗಿಟ್ಟರು.

“ಇಷ್ಟು ಕರೆಂಟ್ ಹೆಂಗ ಉಳಿಸಿದಿ, ನಾಕ್ ಮಾತು ಹೇಳವ್ವಾ.”

“ಕೆಲಸಾನ ಇಲ್ರಿ,” ಎಂದಳು ಅವಳು. “ಮಷೀನ್ ಮಾರೇನಿ. ಮಯೂರಿ ಕಾಲೇಜ್ ಬಿಟ್ಟಾಳ. ಸಂಜಿ ಆದ್ರ ದೀಪ ಹಚ್ಚದನ ಕುಂದರತೇವ್ರಿ.”

ಚಪ್ಪಾಳೆ ಬಿತ್ತು. ದಾಕ್ಷಾಯಿಣಿಯವರು ಮೈಕು ಇಸಿದುಕೊಂಡರು.

“ನೋಡ್ರಿ, ಮನಸ್ಸು ಮಾಡಿದ್ರ ದೀಪ ಇಲ್ಲದನೂ ಇರಬಹುದು. ಇಕಿನ್ನ ನೋಡಿ ಕಲೀರಿ.”