ಕೇಳದೆ ಕೂರುವುದು

ಹೊಸ ಸೋಫಾದ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ನೀವು ಎಷ್ಟು ದಿನ ಉಳಿಸಿಕೊಳ್ಳುತ್ತೀರೋ ನಾನರಿಯೆ. ಶ್ರೀರಾಂಪುರದ ನಮ್ಮ ಮನೆಯಲ್ಲಿ ಅದು ಹರಿದು ತಾನಾಗಿ ಉದುರುವವರೆಗೂ ಇರುತ್ತದೆ. ಕಾರಿನ ಸೀಟು, ಫ್ರಿಜ್ಜಿನ ಬಾಗಿಲು, ಟಿವಿಯ ರಿಮೋಟು, ಎಲ್ಲಕ್ಕೂ ಅದೇ ಮರ್ಯಾದೆ. ಬೇಸಿಗೆಯಲ್ಲಿ ಬೆನ್ನಿಗೆ ಅಂಟಿ ಏಳುವಾಗ ಚರ್ರೆಂದರೂ ಸರಿ, ಹೊಸತನ ಒಂದಿಷ್ಟು ಉಳಿಯಲಿ ಎಂಬ ಆಸೆ. ಆದರೆ ಸ್ವಾಮಿ, ಹೊದಿಕೆಯೊಳಗಿನ ಬಟ್ಟೆ ಹೊಸದಾಗಿಯೇ ಇದ್ದರೂ ಅದನ್ನು ಕೊಂಡ ದಿನದ ಸಂತೋಷ ಯಾವಾಗಲೋ ಜಾಗ ಖಾಲಿ ಮಾಡಿರುತ್ತದೆ. ಆಗ ಇನ್ನೊಂದು ಸಾಮಾನು ತರುತ್ತೇನೆ.

ಈ ಓಟಕ್ಕೆ ಬೇಸತ್ತೇ ನಾನು ಬುದ್ಧನ ಕಡೆ ತಿರುಗಿದ್ದು. ಗೆಳೆಯರೊಂದಿಗೆ ದೀಕ್ಷೆ ಪಡೆದು, ಬಿಳಿಯ ಮೂರ್ತಿಯೊಂದನ್ನು ತಂದು ನಡುಮನೆಯಲ್ಲಿಟ್ಟೆ. ಇಲವಾಲದ ಕಡೆಯ ಹಳ್ಳಿಯಿಂದ ನಮ್ಮ ಜೊತೆ ಇರಲು ಬಂದ ಅವ್ವ, ಮೊದಲ ದಿನವೇ ಅದರ ಮುಂದೆ ತೆಂಗಿನಕಾಯಿ ಒಡೆದು, ಮೊಮ್ಮಗಳ ಪರೀಕ್ಷೆ, ನನ್ನ ಬಡ್ತಿ, ತನ್ನ ಮಂಡಿನೋವು ಎಲ್ಲವನ್ನೂ ಸಾಲಾಗಿ ಒಪ್ಪಿಸಿದಳು. ಇವನು ವರ ಕೊಡುವ ದೇವರಲ್ಲ, ಶರಣು ಹೋಗಿ ಸುಮ್ಮನೆ ಕೂರಬೇಕು ಎಂದು ನಾನು ಉಪದೇಶ ಮಾಡಿದೆ. ಅವ್ವ ಕೊಂಚ ಪೆಚ್ಚಾದಳು. ಆದರೂ ಮರುಸಂಜೆಯಿಂದ ದೀಪ ಹಚ್ಚಿ, ಸುಮ್ಮನೆ ಕೂರತೊಡಗಿದಳು. ಉಪದೇಶಿಸಿದ ಮಹಾನುಭಾವ ಆ ಹೊತ್ತಿಗೆ ಮೊಬೈಲಿನಲ್ಲಿ ಇನ್ನೂ ದೊಡ್ಡ ಟಿವಿ ಹುಡುಕುತ್ತಿರುತ್ತಿದ್ದ.

ಕಳೆದ ತಿಂಗಳು ಅವ್ವ ಲೋಟಕ್ಕೆಂದು ಬಗ್ಗಿಸಿದ ಕಾಫಿಯನ್ನು ಮೇಜಿನ ಮೇಲೆ ಸುರಿದಳು. ಕಣ್ಣಿನ ನರ ಒಣಗುತ್ತಿದೆ, ಹೋದ ದೃಷ್ಟಿ ಮರಳುವುದಿಲ್ಲ, ಉಳಿದದ್ದನ್ನು ಔಷಧಿ ಹಾಕಿ ಕಾಪಾಡಲು ನೋಡೋಣ ಎಂದರು ಡಾಕ್ಟರು. ಆ ಸಂಜೆ ಮೂರ್ತಿಯ ಮುಂದೆ ನಿಂತವನು, ಕಲಿತದ್ದನ್ನೆಲ್ಲ ಮರೆತು, ಅವ್ವನ ಕಣ್ಣು ಕೊಡು ಎಂದು ಗಟ್ಟಿಯಾಗಿಯೇ ಬೇಡಿಕೊಂಡೆ. ದುಃಖ ಒತ್ತರಿಸಿಕೊಂಡು ಬಂತು. ಅಲ್ಲೇ ಕೂತಿದ್ದ ಅವ್ವ ತಡಕಾಡಿ ನನ್ನ ಕೈ ಹಿಡಿದೆಳೆದಳು.

"ಕೊಡಾದಿಲ್ಲ ಅಂತ ನೀನೇ ಅಲ್ವೇನ್ಲಾ ಹೇಳ್ಕೊಟ್ಟಿದ್ದು? ನಾನು ಕೇಳಾದ ಬುಟ್ಟು ಯಾವ ಕಾಲವಾಯ್ತು. ಬಾ, ಕೂತ್ಕೊ."

ಭಯವಾಗುವುದಿಲ್ಲವೇ ಎಂದು ಕೇಳಿದೆ. ಆಗುತ್ತದೆ ಎಂದಳು, ಮುಚ್ಚುಮರೆಯಿಲ್ಲದೆ. ಇಲ್ಲಿ ಕೂತಾಗ ಮಾತ್ರ ಆ ಭಯವೂ ಬಂದು ಪಕ್ಕದಲ್ಲಿ ಕೂತಿರುತ್ತದಂತೆ, ಕಾಟ ಕೊಡುವುದಿಲ್ಲವಂತೆ. ನನ್ನ ಅಳು ನಿಲ್ಲುವವರೆಗೆ ಕಾದು, ಮೆಲ್ಲಗೆ ಹೇಳಿದಳು:

"ಈಗ ಕಣ್ ಮುಚ್ಕೊ. ಮುಚ್ಕೊಂಡ್ರೆ ನಿಂಗೂ ನಂಗೂ ಒಂದೇಯ."

ಮುಚ್ಚಿದೆ. ಮಿತ್ರರೇ, ನಂಬಿದರೆ ನಂಬಿ, ಅಷ್ಟು ಸುಖವಾದ ಸಂಜೆಯನ್ನು ನಾನು ಈ ಮನೆಯಲ್ಲಿ ಕಂಡಿರಲಿಲ್ಲ. ಮರುದಿನ ನೋಡಿದರೆ, ಆ ಸುಖ ಇನ್ನೂ ಇತ್ತು.